ಮಾಲೀಕರಿಗೆ ಜಿಎಸ್‌ಟಿ ನೋಂದಣಿಯಿಲ್ಲ. ಅಂಗಡಿ ಬಾಡಿಗೆಯ ತೆರಿಗೆಯನ್ನು ನಾನೇಕೆ ಕಟ್ಟಬೇಕು?

ನಿಮಗೆ ಜಿಎಸ್‌ಟಿ ನೋಂದಣಿ ಇದ್ದರೆ ನೀವೇ ಕಟ್ಟಬೇಕು. 2024ರ ಅಕ್ಟೋಬರ್ 10ರಿಂದ, ನೋಂದಣಿಯಿಲ್ಲದ ಮಾಲೀಕರಿಂದ ಪಡೆದ ಅಂಗಡಿ, ಗೋದಾಮು, ಕಚೇರಿಗಳ ಬಾಡಿಗೆಯ ಮೇಲಿನ ಶೇ 18 ತೆರಿಗೆ ನೋಂದಾಯಿತ ಬಾಡಿಗೆದಾರರ ಹೊಣೆ. ಕೊಡುವವರ ಬದಲು ಪಡೆಯುವವರು ತೆರಿಗೆ ಕಟ್ಟುವ ಈ ಪದ್ಧತಿಗೆ ರಿವರ್ಸ್ ಚಾರ್ಜ್ ಎಂದು ಹೆಸರು. ಊರೂರಿನ ಸಣ್ಣ ಕಟ್ಟಡ ಮಾಲೀಕರನ್ನು ಹುಡುಕಿಕೊಂಡು ಹೋಗುವುದಕ್ಕಿಂತ, ಹೇಗೂ ರಿಟರ್ನ್ ಸಲ್ಲಿಸುವ ನಿಮ್ಮಿಂದ ವಸೂಲಿ ಮಾಡುವುದು ಸರ್ಕಾರಕ್ಕೆ ಸುಲಭ.

ಬಾಡಿಗೆ 30,000 ರೂಪಾಯಿ ಎನ್ನಿ. ಮಾಲೀಕರಿಗೆ ಅಷ್ಟನ್ನೂ ಕೊಟ್ಟು, ಅದರ ಮೇಲೆ 5,400 ರೂಪಾಯಿಯನ್ನು ಸರ್ಕಾರಕ್ಕೆ ಕಟ್ಟುತ್ತೀರಿ. ಅನೇಕರು ಎಡವುವುದು ಇಲ್ಲೇ: ಖರೀದಿಯ ಮೇಲೆ ಈಗಾಗಲೇ ಕೊಟ್ಟು ನಿಮ್ಮ ಖಾತೆಯಲ್ಲಿ ಉಳಿದಿರುವ ತೆರಿಗೆ ಜಮೆಯಲ್ಲಿ ಇದನ್ನು ತೀರಿಸಲಾಗದು, ನಗದಾಗಿಯೇ ಕಟ್ಟಬೇಕು. ಕಟ್ಟಿದ ಮೇಲೆ ಅದೇ 5,400 ನಿಮ್ಮ ಜಮೆಗೆ ಬರುತ್ತದೆ. ಮಾರಾಟದ ಮೇಲೆ ನೀವು ಕಟ್ಟಬೇಕಾದ ತೆರಿಗೆಯಿಂದ ಅದನ್ನು ಕಡಿತ ಮಾಡಬಹುದು. ಮಾಲೀಕರು ತೆರಿಗೆ ಬಿಲ್ ಕೊಡಲಾರರಾದ್ದರಿಂದ ಆ ಬಿಲ್ಲನ್ನೂ ನಿಮ್ಮ ಹೆಸರಿಗೆ ನೀವೇ ಬರೆದುಕೊಳ್ಳಬೇಕು, ವಿಚಿತ್ರವೆನಿಸಿದರೂ.

ತೆರಿಗೆ ವಿನಾಯಿತಿಯ ಸರಕನ್ನಷ್ಟೇ ಮಾರುವವರಿಗೆ ಮಾತ್ರ ಜಮೆ ಸಿಗದು, ಅದು ಬರಿಯ ಖರ್ಚು. ಕಾಂಪೊಸಿಷನ್ ಯೋಜನೆಯ, ಅಂದರೆ ವಹಿವಾಟಿನ ಮೇಲೆ ಸಣ್ಣ ದರದ ತೆರಿಗೆ ಕಟ್ಟುವ ವ್ಯಾಪಾರಿಗಳನ್ನು 2025ರ ಜನವರಿ 16ರಿಂದ ಈ ನಿಯಮದಿಂದ ಹೊರಗಿಡಲಾಗಿದೆ.