ರೆಕ್ಕೆ ಬೇಡ, ಮೊದಲು ಕ್ಯಾರಿಯರ್ ಬಿಚ್ಚಿಸಿ

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ದಿನಾ ಓಡಾಡುವ ಹಳೆ ಹ್ಯಾಚ್‌ಬ್ಯಾಕ್‌ಗೆ ರೇಸ್ ಕಾರಿನಂಥ ದೊಡ್ಡ ರೆಕ್ಕೆ ಹಾಕಿಸಿದರೆ ಮೈಲೇಜ್ ಏರುತ್ತಾ ಅಂತ ಕೇಳಿದ್ದೀರಿ. ಏರುವುದಿಲ್ಲ, ಇಳಿಯುವುದೇ ಜಾಸ್ತಿ. ಆ ರೆಕ್ಕೆ ಇರುವುದು ತಿರುವಿನಲ್ಲಿ ಕಾರನ್ನು ನೆಲಕ್ಕೆ ಒತ್ತಲು. ಒತ್ತಿದಷ್ಟೂ ಗಾಳಿಯ ತಡೆ ಹೆಚ್ಚುತ್ತದೆ.

ಗಾಳಿಯ ತಡೆ ತಗ್ಗಲು ಕಾರಿನ ಮೂತಿ ಚೂಪಾದರೆ ಸಾಕು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಆದರೆ ಮುಖ್ಯವಾದದ್ದು ಹಿಂಭಾಗ. ಮೈಗೆ ಅಂಟಿಕೊಂಡು ಬಂದ ಗಾಳಿ ಹಿಂದೆ ಒಮ್ಮೆಲೇ ಬಿಟ್ಟುಹೋದರೆ ಸುಳಿ ಏಳುತ್ತದೆ. ಅಲ್ಲಿ ಒತ್ತಡ ಇಳಿದು ಕಾರನ್ನು ಹಿಂದಕ್ಕೆ ಎಳೆಯುತ್ತದೆ. 1934ರಲ್ಲಿ ಬಂದ ಚೆಕೊಸ್ಲೊವಾಕಿಯಾದ ಟಾಟ್ರಾ 77 ಕಾರಿನ ಫೋಟೊ ನೋಡಿ. ನೀರಿನ ಹನಿಯ ಹಾಗೆ ನಿಧಾನವಾಗಿ ಇಳಿಯುವ ಬೆನ್ನು. ಎಷ್ಟು ಚೆಂದ ಅಲ್ವಾ!

ನಿಮ್ಮ ಕಾರಿಗೆ ಅಂಥ ಬೆನ್ನು ಕೊಡಿಸುವುದು ಕಷ್ಟ. ಅದರ ಬದಲು ಕಾರಿನ ಮೇಲೆ ಬಳಸದ ಕ್ಯಾರಿಯರ್ ಇದ್ದರೆ ಬಿಚ್ಚಿಸಿ. ಇಂಜಿನ್ ಕೆಳಗಿನ ಕವರ್ ಹರಿದಿದ್ದರೆ ಹೊಸದು ಹಾಕಿಸಿ. ಹೈವೇಯಲ್ಲಿ ಗಾಜು ಏರಿಸಿ. ಗಾಳಿಯ ತಡೆ ವೇಗದ ವರ್ಗದಂತೆ, ಅಂದರೆ ವೇಗವನ್ನು ವೇಗದಿಂದಲೇ ಗುಣಿಸಿದಂತೆ, ಏರುತ್ತದೆ, 80ರಿಂದ 100 ಕಿ.ಮೀ.ಗೆ ಹೋದರೆ ಒಂದೂವರೆ ಪಟ್ಟು ದಾಟುತ್ತದೆ. ಹಾಗಾಗಿ 80ರಲ್ಲೇ ಹೋದರೆ ಉಳಿತಾಯ ಖಂಡಿತ. ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ಅಡ್ಡಗಾಳಿ ಬೀಸುವಾಗ ಸಡಿಲವಾಗಿ ಕೂರಿಸಿದ ರೆಕ್ಕೆ ಕಿತ್ತು ಹಿಂದಿನ ಬೈಕಿನವರ ಮೇಲೆ ಬಿದ್ದರೆ?

ಇನ್ನು ಬಾಡಿಯ ಆಕಾರವನ್ನೇ ಬದಲಿಸುವ ಯೋಚನೆ ಇದ್ದರೆ, ಮೊದಲು ಆರ್‌ಟಿಒದಲ್ಲಿ ಕೇಳಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅದಕ್ಕೆ ಅಡ್ಡ ಬರುತ್ತದೆ.