ಸೆನ್ಸರ್ ನೋಡಿ ಯೂರಿಯಾ ಬಿಡಬ್ಯಾಡ್ರಿ

ಜತ್ತದ ದಾಳಿಂಬೆ ಫೋಟೋ ಹಾಕಿದ ಅಣ್ಣಾರ, ಮಣ್ಣಿಗೆ ಚುಚ್ಚೋ ಎನ್‌ಪಿಕೆ (ಸಾರಜನಕ, ರಂಜಕ, ಪೊಟ್ಯಾಷ್) ಸೆನ್ಸರ್ ಸಾರಜನಕ ಕಡಿಮೆ ತೋರಿಸ್ತು, ನಾಳೆ ಡ್ರಿಪ್‌ನಾಗ ಯೂರಿಯಾ ಬಿಡ್ತೀನಿ ಅಂದೀರಿ. ಕೈ ಮುಗಿತೀನಿ, ಸ್ವಲ್ಪ ತಡೀರಿ. ಹೂ ಹೊತ್ತಿನಾಗ ನಾವೂ ಹಿಂಗೇ ಬಿಟ್ಟಿದ್ವಿ. ಬರೇ ಚಿಗುರು ಹೊಡೀತು, ಹೂ ಉದುರಿತು, ಎಳೇ ಎಲಿಗೆ ತೇಲ್ಯಾ (ಬ್ಯಾಕ್ಟೀರಿಯಾದ ಚುಕ್ಕೆ ರೋಗ) ಬಂತು.

ಫೋಟೋ ದೊಡ್ಡದು ಮಾಡಿ ನೋಡಿದೆ. ಹಳದಿ ಆಗಿದ್ದು ತುದಿಯ ಎಲಿ, ನರ ಹಸಿರೇ ಅವ. ಸಾರಜನಕ ಕಡಿಮೆ ಇದ್ದರ ಕೆಳಗಿನ ಹಳೇ ಎಲಿ ಮೊದಲು ಹಳದಿ ಆಗಬೇಕಿತ್ತು. ನಿಮ್ಮದು ಕಬ್ಬಿಣದ ಕೊರತೆ. ಸುಣ್ಣದಂಶ ಇರೋ ಕರಿ ಮಣ್ಣು, ಅದರ ಜೋಡಿ ನೀರು ಜಾಸ್ತಿ ಆದರ ಬರೋದೇ ಇದು. ಇಡಿಟಿಎ ಅನ್ನೋ ನಮೂನಿ ಕಬ್ಬಿಣದ ಗೊಬ್ಬರಕ್ಕ ರೊಕ್ಕ ಹಾಕಬ್ಯಾಡ್ರಿ, ಪಿಎಚ್ 8ರ ಕ್ಷಾರ ಮಣ್ಣಿನಾಗ ಅದು ನಿಲ್ಲೂದಿಲ್ಲ. ಇಡಿಡಿಎಚ್‌ಎ ನಮೂನಿ ತುಟ್ಟಿ, ಆದರ ಕೆಲಸ ಮಾಡ್ತದ.

ಆ ಸಸ್ತಾ ಸೆನ್ಸರ್ ಅಳೆಯೋದು ಇಸಿ, ಅಂದರ ಮಣ್ಣಿನಾಗ ಕರೆಂಟ್ ಎಷ್ಟು ಹರೀತದ ಅನ್ನೋದು. ಅದರ ಮ್ಯಾಲಿಂದ ಎನ್, ಪಿ, ಕೆ ಅಂದಾಜು ಕಟ್ತದ. ನೀರು ಬಿಟ್ಟ ಮರುದಿನ ಒಂದು ಅಂಕಿ, ಒಣಗಿದ ಮ್ಯಾಲೆ ಇನ್ನೊಂದು. ಬೋರಿನ ನೀರು ಉಪ್ಪಿದ್ದರಂತೂ ಕೇಳಬ್ಯಾಡ್ರಿ. ಅದನ್ನ ನಂಬಿ ಗೊಬ್ಬರದ ಲೆಕ್ಕ ಹಾಕೂದು ಬ್ಯಾಡ.

ಆ ಸೆನ್ಸರಿಗೆ ಹಾಕಿದ ರೊಕ್ಕದಾಗ ಇನ್ನೊಂದು ವಾಲ್ವ್ ಕೂಡಿಸಬಹುದಿತ್ತು. ಸಣ್ಣ ತೋಟಕ್ಕ ಅದೇ ಖರೇ ಪ್ರಿಸಿಷನ್ (ಅಳೆದು ತೂಗಿ ಕೊಡೋ) ಒಕ್ಕಲುತನ. ನಿಮ್ಮ ಹೊಲದ ಮ್ಯಾಲಿನ ಬದಿ ಮುರುಮ್ (ಹರಳು ಮಣ್ಣು), ಕೆಳಗಿನ ಬದಿ ಕರಿ. ಎರಡಕ್ಕೂ ಒಂದೇ ಲೈನ್ ಯಾಕ? ಮುರುಮಿನಾಗ ಗೊಬ್ಬರ ನಿಲ್ಲೂದಿಲ್ಲ, ಸ್ವಲ್ಪ ಸ್ವಲ್ಪ ಮ್ಯಾಲಿಂದ ಮ್ಯಾಲೆ ಕೊಡಬೇಕು. ಕರಿ ಮಣ್ಣಿಗೆ ಅಂತರ ಬಿಟ್ಟು ಕೊಟ್ಟರ ನಡೀತದ. ಗೊಬ್ಬರ ಟ್ಯಾಂಕ್ ಇದ್ದವರು ನೆನಪಿಡ್ರಿ: ಮೊದಲು ಗಾಢ ನೀರು ಹೋಗ್ತದ, ಆಮ್ಯಾಲೆ ತೆಳು. ಒಮ್ಮೆ ತುಂಬಿ ಎರಡೂ ವಾಲ್ವ್ ತಿರುಗಿಸಿದರ ಮೊದಲನೇದಕ್ಕ ಹಬ್ಬ, ಎರಡನೇದಕ್ಕ ಉಪವಾಸ. ಗಿಡ ಎಣಿಸಿ, ವಾಲ್ವ್‌ಗೊಮ್ಮೆ ಬ್ಯಾರೆ ತುಂಬ್ರಿ. ವೆಂಚುರಿ (ನೀರಿನ ಹರಿವಿನ ಮ್ಯಾಲೆ ಗೊಬ್ಬರ ಎಳಕೊಳ್ಳೋ ಕೊಳವಿ) ಇದ್ದರ ಈ ತಾಪತ್ರಯ ಕಡಿಮೆ, ಆದರ ಒತ್ತಡ ಸರಿ ಇರಬೇಕು.

ಇದಕ್ಕಿಂತ ಮೊದಲು ಡ್ರಿಪ್ಪರ್ ಅಳೀರಿ. ತಾಸಿಗೆ 4 ಲೀಟರಿನದು 15 ನಿಮಿಷಕ್ಕ 1 ಲೀಟರ್ ಕೊಡಬೇಕು. ಲ್ಯಾಟರಲ್ಲಿನ (ಡ್ರಿಪ್ಪರ್ ಇರೋ ಸಣ್ಣ ಪೈಪಿನ) ತಲೀಗೊಂದು, ಬಾಲಕ್ಕೊಂದು ಡಬ್ಬಿ ಇಡ್ರಿ. ಬಾಲದಾಗ ಅರ್ಧ ಬಂದರ ಗೊಬ್ಬರನೂ ಅರ್ಧ. ಜೈನ್ ಇರಲಿ, ನೆಟಾಫಿಮ್ ಇರಲಿ, ಫಿಲ್ಟರ್ ತೊಳೀಲಿಲ್ಲಂದ್ರ ಯಾವ ಕಂಪನಿನೂ ಉಳಿಸೂದಿಲ್ಲ.

ಕ್ಯಾಲ್ಸಿಯಂ ನೈಟ್ರೇಟ್ ಜೋಡಿ 0:52:34 (ರಂಜಕ, ಪೊಟ್ಯಾಷ್ ಇರೋ ಗೊಬ್ಬರ) ಕಲಸ್ತೀನಿ ಅಂತ ಕೆಳಗ ಕಾಮೆಂಟ್ ಬರೆದವರಿಗೂ ಹೇಳ್ತೀನಿ: ಬಕೆಟ್‌ನಾಗ ಬೆಳ್ಳಗ ಗಸಿ ಕೂತದ್ದೇ ಡ್ರಿಪ್ಪರ್‌ನಾಗೂ ಕೂಡ್ತದ. ಬ್ಯಾರೆ ಬ್ಯಾರೆ ದಿನ ಬಿಡ್ರಿ.

ಬಹಾರ್ (ಹೂ ಬಿಡಿಸೋ ಹಂಗಾಮು) ಹಿಡಿಯೋ ಮುಂಚೆ ಮುರುಮ್, ಕರಿ ಎರಡೂ ಮಣ್ಣು ಬ್ಯಾರೆ ಚೀಲದಾಗ ಪರೀಕ್ಷೆಗೆ ಕೊಡ್ರಿ, ಜೋಡಿಗೆ ಬೋರಿನ ನೀರೂ ಒಂದು ಬಾಟಲಿ. ಸೋಲಾಪುರದ ದಾಳಿಂಬೆ ಸಂಶೋಧನಾ ಕೇಂದ್ರ ನಿಮಗ ದೂರ ಅಲ್ಲ. ರಿಪೋರ್ಟ್ ಬಂದ ಮ್ಯಾಲೆ ಇಲ್ಲೇ ಹಾಕ್ರಿ, ಕೂತು ನೋಡೂಣು.