ಕತ್ತಲಾದ ಮೇಲೆ ಕ್ಯಾಮೆರಾ ಆಫ್‌ಲೈನ್ ಆಗುತ್ತಿದ್ದರೆ ಮೊದಲು ವೈರ್ ನೋಡಿ

ನೀವು ಕೇಳಿರುವುದು ಇಷ್ಟು: ತೀರ್ಥಹಳ್ಳಿ ಕಡೆಯ ಮನೆಯಲ್ಲಿ ತಂದೆ ತಾಯಿ ಇಬ್ಬರೇ ಇದ್ದಾರೆ, ನೀವು ಬೆಂಗಳೂರಿನಲ್ಲಿದ್ದೀರಿ. ಗೇಟಿನ ಕಂಬಕ್ಕೆ ಹಾಕಿಸಿದ ತಿರುಗುವ ವೈಫೈ ಕ್ಯಾಮೆರಾ ಹಗಲೆಲ್ಲ ಹೇಗೋ ನಡೆಯುತ್ತದೆ, ಸಂಜೆಯಾದ ಮೇಲೆ ಮತ್ತೆ ಮತ್ತೆ ಆಫ್‌ಲೈನ್ ಆಗುತ್ತದೆ. ಸಹಾಯವಾಣಿಯವರು ಪ್ರತಿ ಸಲವೂ ರೀಸೆಟ್ ಮಾಡಿ ಎನ್ನುತ್ತಾರೆ. ರೌಟರ್ ಹೊಸದು ತಂದರೂ ಗುಣ ಕಾಣಲಿಲ್ಲ. ಇನ್ನು ಕ್ಯಾಮೆರಾವನ್ನೇ ಬದಲಾಯಿಸಬೇಕೇ?

ಬೇಡ. ಇಂಥ ಕ್ಯಾಮೆರಾಗಳನ್ನು ಜೋಡಿಸುವುದು, ಕೆಟ್ಟರೆ ಏಣಿ ಹತ್ತಿ ನೋಡುವುದು ನನ್ನ ಕಸುಬು. ನಿಮ್ಮ ಪ್ರಶ್ನೆಯಲ್ಲಿ ನನಗೆ ಬೇಕಾದ ಸುಳಿವು 'ಸಂಜೆಯಾದ ಮೇಲೆ' ಎಂಬ ಎರಡು ಪದಗಳಲ್ಲೇ ಇದೆ. ಸಂಪರ್ಕ ಯಾವ ಹೊತ್ತಿನಲ್ಲಿ ಹೋಗುತ್ತದೆ ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ರೌಟರಿಗೆ ಹಗಲು ರಾತ್ರಿಯ ಭೇದವಿಲ್ಲ. ಕ್ಯಾಮೆರಾಕ್ಕೆ ಇದೆ.

ಕತ್ತಲಾದಾಗ ಕ್ಯಾಮೆರಾದೊಳಗೆ ಎರಡು ಕೆಲಸ ನಡೆಯುತ್ತವೆ. ಲೆನ್ಸಿನ ಹಿಂದಿರುವ ಸಣ್ಣ ಗಾಜಿನ ಫಿಲ್ಟರ್ ಪಕ್ಕಕ್ಕೆ ಸರಿಯುತ್ತದೆ. ಹತ್ತಿರ ನಿಂತರೆ 'ಟಿಕ್' ಎಂಬ ಸದ್ದು ಕೇಳಿಸುತ್ತದೆ. ಕೂಡಲೇ ಲೆನ್ಸಿನ ಸುತ್ತಲಿನ ಇನ್ಫ್ರಾರೆಡ್ ದೀಪಗಳು ಹೊತ್ತಿಕೊಳ್ಳುತ್ತವೆ. ಅವುಗಳ ಬೆಳಕು ನಮ್ಮ ಕಣ್ಣಿಗೆ ಕಾಣುವುದಿಲ್ಲ, ಆದರೆ ಬಹಳಷ್ಟು ಕ್ಯಾಮೆರಾಗಳಲ್ಲಿ ದೀಪದ ತುದಿ ಮಂಕಾಗಿ ಕೆಂಪಗೆ ಹೊಳೆಯುತ್ತದೆ. ಈ ದೀಪಗಳಿಗೆ ಕರೆಂಟ್ ಬೇಕು. ಹಗಲಿನಲ್ಲಿ ಅರೆಹೊಟ್ಟೆಯಲ್ಲಿ ನಡೆಯುತ್ತಿದ್ದ ಕ್ಯಾಮೆರಾ ಆ ಹೊತ್ತಿಗೆ ಕುಸಿದು ಬೀಳುತ್ತದೆ, ಮತ್ತೆ ತಾನೇ ಎದ್ದು ಶುರುವಾಗುತ್ತದೆ. ಶುರುವಾಗಿ ವೈಫೈ ಹಿಡಿಯುವಷ್ಟರಲ್ಲಿ ದೀಪ ಹೊತ್ತುತ್ತದೆ, ಮತ್ತೆ ಬೀಳುತ್ತದೆ. ನಿಮ್ಮ ಮೊಬೈಲಿನಲ್ಲಿ ಕಾಣುವುದು 'ಆಫ್‌ಲೈನ್' ಎಂಬ ಒಂದೇ ಪದ. ಹಾಗಾಗಿ ಎಲ್ಲರೂ ವೈಫೈಯನ್ನು ದೂರುತ್ತಾರೆ.

ಅರೆಹೊಟ್ಟೆ ಏಕೆಂದರೆ ಗೇಟು ದೂರ, ಪ್ಲಗ್ ಪಾಯಿಂಟ್ ಜಗಲಿಯಲ್ಲಿ. ಕ್ಯಾಮೆರಾ ಜತೆಗೆ ಬಂದ ಯುಎಸ್‌ಬಿ ವೈರ್ ಸಾಲದೆಂದು ಉದ್ದದ ವೈರ್ ತಂದು ಎಳೆದಿರುತ್ತಾರೆ. ಅಗ್ಗದ ವೈರಿನೊಳಗಿನ ತಾಮ್ರ ಬಹಳ ತೆಳು. 28 ಗೇಜಿನ ತಂತಿಗೆ ಮೀಟರಿಗೆ ಸುಮಾರು 0.2 ಓಮ್ ಪ್ರತಿರೋಧವಿರುತ್ತದೆ. ಐದು ಮೀಟರ್ ಎಳೆದರೆ ಹೋಗುವ ತಂತಿ, ಬರುವ ತಂತಿ ಸೇರಿ ಹತ್ತು ಮೀಟರ್, ಅಂದರೆ ಎರಡು ಓಮ್. ರಾತ್ರಿ ಕ್ಯಾಮೆರಾ ಅರ್ಧ ಆಂಪಿಯರ್ ಎಳೆದರೆ ಒಂದು ವೋಲ್ಟ್ ದಾರಿಯಲ್ಲೇ ಖಾಲಿ. ಅಡಾಪ್ಟರಿನಿಂದ 5 ವೋಲ್ಟ್ ಹೊರಟರೂ ಕ್ಯಾಮೆರಾಕ್ಕೆ ತಲುಪುವುದು 4. ಅಷ್ಟರಲ್ಲಿ ಅದು ನೆಟ್ಟಗೆ ನಿಲ್ಲುವುದು ಕಷ್ಟ.

ಇದನ್ನು ಬೆಂಗಳೂರಿನಲ್ಲಿ ಕುಳಿತೇ ಪರೀಕ್ಷಿಸಬಹುದು, ತಂದೆಯವರನ್ನು ಏಣಿ ಹತ್ತಿಸಬೇಕಾಗಿಲ್ಲ. ಹಗಲಿನಲ್ಲಿ ಕ್ಯಾಮೆರಾ ಚೆನ್ನಾಗಿ ನಡೆಯುತ್ತಿರುವಾಗ ಆ್ಯಪ್‌ನ ಸೆಟ್ಟಿಂಗ್ಸ್‌ಗೆ ಹೋಗಿ 'ನೈಟ್ ವಿಷನ್' ಆಯ್ಕೆಯನ್ನು 'ಆಟೊ'ದಿಂದ 'ಯಾವಾಗಲೂ ಆನ್' ಮಾಡಿ. ಚಿತ್ರ ಕಪ್ಪುಬಿಳುಪಾಗುತ್ತದೆ, ದೀಪ ಹೊತ್ತುತ್ತದೆ. ಮಟಮಟ ಮಧ್ಯಾಹ್ನವೂ ಕ್ಯಾಮೆರಾ ಬಿದ್ದುಹೋದರೆ ಕಳ್ಳ ಸಿಕ್ಕಿದ ಹಾಗೆ. ಅದೇ ರಾತ್ರಿ ನೈಟ್ ವಿಷನ್ 'ಆಫ್' ಮಾಡಿಡಿ. ಚಿತ್ರ ಕತ್ತಲಾಗಿರುತ್ತದೆ, ಆದರೆ ಬೆಳಗಿನವರೆಗೆ ಸಂಪರ್ಕ ಉಳಿದರೆ ಇನ್ನು ಅನುಮಾನ ಬೇಡ.

ಇನ್ನೊಂದು ಸಾಕ್ಷಿ ಮೆಮೊರಿ ಕಾರ್ಡ್. ನಿರಂತರ ರೆಕಾರ್ಡಿಂಗ್ ಆನ್ ಇದ್ದರೆ, ಆಫ್‌ಲೈನ್ ತೋರಿಸಿದ ಹೊತ್ತಿನ ದೃಶ್ಯ ಕಾರ್ಡಿನಲ್ಲಿದೆಯೇ ನೋಡಿ. ವೈಫೈ ಹೋದರೂ ಕ್ಯಾಮೆರಾ ಕಾರ್ಡಿಗೆ ಬರೆಯುತ್ತಲೇ ಇರುತ್ತದೆ. ಕರೆಂಟ್ ಹೋದರೆ ಮಾತ್ರ ದೃಶ್ಯ ತುಂಡಾಗುತ್ತದೆ. ತಿರುಗುವ ಕ್ಯಾಮೆರಾ ಪ್ರತಿ ಸಲ ಹೊಸದಾಗಿ ಶುರುವಾಗುವಾಗ ಒಮ್ಮೆ ಕುತ್ತಿಗೆ ತಿರುಗಿಸಿ ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಮುಸ್ಸಂಜೆಯಲ್ಲಿ ತಂದೆಯವರು ಗೇಟಿನ ಬಳಿ ಹತ್ತು ನಿಮಿಷ ನಿಂತು ನೋಡಿದರೂ ಸಾಕು. ತಾನಾಗಿ ಗಿರಕಿ ಹೊಡೆಯುತ್ತಿದೆ ಎಂದರೆ ವೈಫೈ ನಿರಪರಾಧಿ.

ಊರಿನ ಲೋ ವೋಲ್ಟೇಜ್ ಮೇಲೆ ತಪ್ಪು ಹೊರಿಸಬೇಡಿ, ಬಹಳ ಜನ ಅಲ್ಲೇ ನಿಲ್ಲುತ್ತಾರೆ. ಅಡಾಪ್ಟರಿನ ಮೇಲೆ ಸಾಮಾನ್ಯವಾಗಿ 100ರಿಂದ 240 ವೋಲ್ಟ್ ಎಂದು ಬರೆದಿರುತ್ತದೆ. ಸಂಜೆ 160ಕ್ಕೆ ಇಳಿದು ಬಲ್ಬು ಮಂಕಾದರೂ ಅದಕ್ಕೆ ಲೆಕ್ಕಕ್ಕಿಲ್ಲ.

ಪರಿಹಾರ ಹೀಗೆ. ಮೊದಲು ಕ್ಯಾಮೆರಾದ ಜತೆ ಬಂದ ಅಡಾಪ್ಟರನ್ನೇ ಬಳಸಿ. ಹಳೆಯ ಮೊಬೈಲ್ ಚಾರ್ಜರ್ ಬೇಡ. ಉದ್ದ ವೈರಿನ ಬದಲು ಗೇಟಿನ ಬಳಿಗೇ 230 ವೋಲ್ಟಿನ ಲೈನ್ ಎಳೆಸಿ, ಮಳೆ ನೀರು ಹೋಗದ ಪೆಟ್ಟಿಗೆಯೊಳಗೆ ಅಡಾಪ್ಟರ್ ಇಡಿಸುವುದು ಉತ್ತಮ. ಇದು ಎಲೆಕ್ಟ್ರಿಷಿಯನ್ ಮಾಡಬೇಕಾದ ಕೆಲಸ, ಮಲೆನಾಡಿನ ಮಳೆಯಲ್ಲಿ ಟೇಪು ಸುತ್ತಿ ಬಿಡುವಂಥದ್ದಲ್ಲ. ಅದು ಆಗದಿದ್ದರೆ ಜಗಲಿಯಿಂದ 12 ವೋಲ್ಟ್ ಕಳಿಸಿ, ಕ್ಯಾಮೆರಾದ ಪಕ್ಕದಲ್ಲಿ ಅದನ್ನು 5 ವೋಲ್ಟಿಗೆ ಇಳಿಸುವ ಚಿಕ್ಕ ಕನ್ವರ್ಟರ್ ಹಾಕಿಸಿ. 12 ವೋಲ್ಟಿನಲ್ಲಿ ಅದೇ ಶಕ್ತಿಗೆ ಅರ್ಧಕ್ಕಿಂತ ಕಡಿಮೆ ಆಂಪಿಯರ್ ಸಾಕು, ದಾರಿಯಲ್ಲಿ ಸೋರುವುದೂ ಅಷ್ಟು ಕಡಿಮೆ. ಹಾಕಿದ ಮೇಲೆ ದೀಪ ಹೊತ್ತಿರುವಾಗಲೇ ಮಲ್ಟಿಮೀಟರ್ ಹಿಡಿದು ಅಳೆಯಲು ಹೇಳಿ. ಹಗಲಿನಲ್ಲಿ ಅಳೆದು 'ಎಲ್ಲ ಸರಿ ಇದೆ ಸ್ವಾಮಿ' ಎಂದು ಹೊರಟುಹೋಗುವವರೇ ಜಾಸ್ತಿ.

ಸಂಜೆಗೇ ತೊಂದರೆ ಕೊಡುವ ಇನ್ನೊಂದು ಕಾರಣವೂ ಇದೆ. ಮನೆಯಲ್ಲಿ ಫೈಬರ್ ಇಲ್ಲದೆ ಸಿಮ್ ಹಾಕುವ 4ಜಿ ರೌಟರ್ ಇದ್ದರೆ, ಸಂಜೆ ಊರೆಲ್ಲ ಮೊಬೈಲ್ ಹಿಡಿದು ಕೂತಾಗ ಟವರ್ ಏದುಸಿರು ಬಿಡುತ್ತದೆ. ಆಗ ಕ್ಯಾಮೆರಾ ಗಿರಕಿ ಹೊಡೆಯುವುದಿಲ್ಲ, ಕಾರ್ಡಿನಲ್ಲಿ ದೃಶ್ಯವೂ ತುಂಡಾಗಿರುವುದಿಲ್ಲ. ಮನೆಯ ವೈಫೈಯಲ್ಲೇ ಇರುವ ತಂದೆಯವರ ಫೋನಿನಲ್ಲೂ ಯೂಟ್ಯೂಬ್ ಸುತ್ತುತ್ತಿರುತ್ತದೆ. ಇಲ್ಲಿ ಬೇಕಾಗುವುದು ಅಪ್‌ಲೋಡ್ ವೇಗ, ಡೌನ್‌ಲೋಡ್ ಅಲ್ಲ. ಆ್ಯಪ್‌ನಲ್ಲಿ ಚಿತ್ರದ ಗುಣಮಟ್ಟವನ್ನು 'ಎಚ್‌ಡಿ'ಯಿಂದ 'ಎಸ್‌ಡಿ'ಗೆ ಇಳಿಸಿ ನೋಡಿ.

ಹಗಲು ರಾತ್ರಿ ಎನ್ನದೆ ಹೋಗುತ್ತಿದ್ದರೆ ಮಾತ್ರ ವೈಫೈ ಸಿಗ್ನಲ್ ವಿಚಾರಕ್ಕೆ ಬನ್ನಿ. ಫೋನಿನಲ್ಲಿ ಯಾವುದಾದರೂ ವೈಫೈ ಅಳೆಯುವ ಆ್ಯಪ್ ಹಾಕಿಕೊಂಡು ಕ್ಯಾಮೆರಾದ ಪಕ್ಕ ಹಿಡಿದರೆ ಮೈನಸ್ ಚಿಹ್ನೆಯ ಸಂಖ್ಯೆ ಬರುತ್ತದೆ. -60ರ ಆಸುಪಾಸಿನಲ್ಲಿದ್ದರೆ ಚಿಂತೆಯಿಲ್ಲ, -75 ದಾಟಿದರೆ ತಡವರಿಕೆ ಖಚಿತ. ಹಳೆಯ ಮನೆಯ ದಪ್ಪ ಗೋಡೆ, ಅಂಗಳಕ್ಕೆ ಹೊದೆಸಿದ ತಗಡಿನ ಶೀಟು, ರೌಟರ್ ಪಕ್ಕದಲ್ಲೇ ಇರುವ ಕಬ್ಬಿಣದ ಬೀರು, ಇವೆಲ್ಲ ಸಿಗ್ನಲ್ ತಿನ್ನುತ್ತವೆ. ಮಳೆಗಾಲದಲ್ಲಿ ನೀರು ತುಂಬಿದ ಎಲೆಗಳೂ ತಿನ್ನುತ್ತವೆ. ಬೇಸಗೆಯಲ್ಲಿ ಸರಿಯಿದ್ದ ಕ್ಯಾಮೆರಾ ಆಷಾಢದಲ್ಲಿ ಕೈಕೊಡುವುದು ಇದರಿಂದಲೇ ಇರಬಹುದು. ರೌಟರನ್ನು ಟಿವಿಯ ಹಿಂದಿನಿಂದ ತೆಗೆದು ಗೇಟಿನ ಕಡೆಯ ಕಿಟಕಿಯ ಬಳಿ ಎತ್ತರದಲ್ಲಿಟ್ಟರೇ ಎಷ್ಟೋ ಸುಧಾರಿಸುತ್ತದೆ.

ಹೊಸ ರೌಟರಿನ ಸೆಟ್ಟಿಂಗ್ ಒಂದೆರಡು ನೋಡಿಬಿಡಿ. ರೌಟರ್ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಬಗೆಯ ವೈಫೈ ತರಂಗ ಬಿಡುತ್ತಿರಬಹುದು, ಮನೆಬಳಕೆಯ ಬಹುತೇಕ ಕ್ಯಾಮೆರಾಗಳು 2.4 ಮಾತ್ರ ಹಿಡಿಯುತ್ತವೆ. ಎರಡಕ್ಕೂ ಒಂದೇ ಹೆಸರಿದ್ದರೆ ಬೇರೆ ಬೇರೆ ಹೆಸರು ಕೊಡಿ. 2.4ರೊಳಗೆ ರೌಟರ್ ಬಳಸುವ ದಾರಿಯ ಸಂಖ್ಯೆ, ಅಂದರೆ ಚಾನಲ್, 'ಆಟೊ' ಇದ್ದರೆ 1, 6, 11ರಲ್ಲಿ ಒಂದಕ್ಕೆ ಕಟ್ಟಿಹಾಕಿ. ರೌಟರ್ ತಾನಾಗಿ 12 ಅಥವಾ 13ಕ್ಕೆ ಜಿಗಿದರೆ ಕೆಲವು ಕ್ಯಾಮೆರಾಗಳಿಗೆ ಅದು ಕಾಣುವುದೇ ಇಲ್ಲ. ಅಕ್ಕಪಕ್ಕದ ವೈಫೈಗಳ ಗದ್ದಲ ಬೆಂಗಳೂರಿನ ಅಪಾರ್ಟ್‌ಮೆಂಟಿನ ತಲೆನೋವು, ನಿಮ್ಮ ಊರಿನ ಮನೆಗೆ ಅದು ಅನ್ವಯಿಸಲಾರದು.

ರೀಸೆಟ್ ಬಗ್ಗೆ ಒಂದು ಮಾತು. ರೀಸೆಟ್ ಒತ್ತಿದರೆ ವೈಫೈ ಹೆಸರು, ಪಾಸ್‌ವರ್ಡ್ ಎಲ್ಲ ಅಳಿಸಿ, ಕ್ಯಾಮೆರಾದ ಬಳಿ ನಿಂತು ಮತ್ತೆ ಜೋಡಿಸಬೇಕಾಗುತ್ತದೆ. ಅದು ವಯಸ್ಸಾದವರಿಗೆ ಹೇಳುವ ಮಾತೇ ಅಲ್ಲ. ಪ್ಲಗ್ ತೆಗೆದು ಹಾಕಿಸಿದರೆ ಸಾಕು. ಹಾಗೆಯೇ, ಹೊರಗಿನಿಂದ ನೋಡಲು ರೌಟರಿನಲ್ಲಿ ಪೋರ್ಟ್, ಅಂದರೆ ಅಂತರಜಾಲದಿಂದ ಒಳಬರುವ ಬಾಗಿಲು, ತೆರೆಯಿರಿ ಎಂದು ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಅಂತರಜಾಲಕ್ಕೆ ತೆರೆದುಕೊಂಡಿದ್ದ, ಕಂಪನಿ ಕೊಟ್ಟ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಲಕ್ಷಾಂತರ ಕ್ಯಾಮೆರಾ, ರೌಟರ್‌ಗಳನ್ನು ಹೀಗೆಯೇ ವಶಮಾಡಿಕೊಂಡಿತ್ತು.

ವೈಫೈ ಸಹವಾಸವೇ ಬೇಡವೆಂದು ಗೇಟಿನವರೆಗೆ ನೆಟ್‌ವರ್ಕ್ ಕೇಬಲ್ ಎಳೆಸುವ ಯೋಚನೆ ಬರಬಹುದು. ಒಂದೇ ಕೇಬಲಿನಲ್ಲಿ ಕರೆಂಟನ್ನೂ ದೃಶ್ಯವನ್ನೂ ಒಯ್ಯುವ ಪಿಒಇ ಕ್ಯಾಮೆರಾ 100 ಮೀಟರಿನವರೆಗೆ ಅಚ್ಚುಕಟ್ಟಾಗಿ ನಡೆಯುತ್ತದೆ, ಒಳಗೆ ಅಪ್ಪಟ ತಾಮ್ರದ ತಂತಿಯಿದ್ದರೆ. ಆದರೆ ಅಂಗಳದಲ್ಲಿ ಎಳೆದ ತಾಮ್ರ, ಹತ್ತಿರದಲ್ಲಿ ಸಿಡಿಲು ಬಿದ್ದಾಗ ಅದರ ಹೊಡೆತವನ್ನು ನೇರ ಮನೆಯೊಳಕ್ಕೆ ತರಬಲ್ಲದು. ಎಳೆಸುವುದೇ ಆದರೆ ಸರಿಯಾದ ಅರ್ಥಿಂಗ್ ಇರುವ ಸರ್ಜ್ ರಕ್ಷಕವನ್ನೂ ಹಾಕಿಸಿ. ಏಪ್ರಿಲ್–ಮೇ ತಿಂಗಳಲ್ಲಿ ಗುಡುಗು ಶುರುವಾಗುವ ಮೊದಲೇ ಕೇಬಲ್ ಕಿತ್ತಿಡಲು ಮನೆಯಲ್ಲಿ ಹೇಳಿಟ್ಟಿರಿ.

ಸದ್ಯಕ್ಕೆ ನಾಳೆ ಮಧ್ಯಾಹ್ನ ನೈಟ್ ವಿಷನ್ ಆನ್ ಮಾಡಿ ನೋಡಿ, ಏನಾಯಿತೆಂದು ಇಲ್ಲೇ ಬರೆಯಿರಿ. ವೈರ್ ಎಷ್ಟು ಉದ್ದವಿದೆ, ಅಡಾಪ್ಟರಿನ ಮೇಲೆ ಎಷ್ಟು ಆಂಪಿಯರ್ ಎಂದಿದೆ ಎಂಬುದನ್ನೂ ತಿಳಿಸಿ.